ಹಿಡಿದ ಮೊಲದ ಕಾಲು ಎಣಿಸುವ ವಿದ್ಯೆ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಬೇರೆಯವರನ್ನು ಆಡಿಕೊಳ್ಳಲು ಈ ಗಾದೆ ಹೇಳಿ ಮಾಡಿಸಿದಂತಿದೆ. ಆದರೆ ನಮ್ಮ ಕೈಯಲ್ಲೂ ಒಂದೊಂದು ಮೊಲ ಇದ್ದೇ ಇದೆ. ಅದರ ಕಾಲು ಎಣಿಸುವುದು ಹೇಗೆ? ಈ ಎಣಿಕೆಯನ್ನು ಕಲಿಸುವ ಒಂದು ಹಳೆಯ ಶಾಸ್ತ್ರ ನಮ್ಮಲ್ಲಿದೆ. ಅದು ನ್ಯಾಯ.

ಘಟ, ಪಟ, ಹೊಗೆ, ಬೆಂಕಿ ಎಂದು ಅದದೇ ಮಾತುಗಳನ್ನು ತಿರುವಿಹಾಕುವ ಒಣ ತರ್ಕ ಎಂಬ ಅಪಖ್ಯಾತಿ ಈ ಶಾಸ್ತ್ರಕ್ಕೆ ಅಂಟಿಕೊಂಡಿದೆ. ಸಭೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವ ವಿದ್ಯೆ ಎಂದು ತಿಳಿದವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜವಿದೆ. ಆದರೂ ಅದರ ಉಪಕರಣಗಳನ್ನು ಒಮ್ಮೆ ತನ್ನ ಕಡೆಗೇ ತಿರುಗಿಸಿಕೊಂಡು ನೋಡಿದವರಿಗೆ ಆ ಕೆಲಸಗಾರಿಕೆಯ ನಯ ಗೊತ್ತಾಗುತ್ತದೆ.

ಅಕ್ಷಪಾದ ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರ ಐದು ಅಧ್ಯಾಯಗಳ ಪುಟ್ಟ ಗ್ರಂಥ. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಅದು ಈಗಿನ ರೂಪ ಪಡೆಯಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಸುಮಾರು ಐದನೆಯ ಶತಮಾನದಲ್ಲಿ ವಾತ್ಸ್ಯಾಯನ ಅದಕ್ಕೆ ಭಾಷ್ಯ ಬರೆದ. ಕಾಮಸೂತ್ರದ ವಾತ್ಸ್ಯಾಯನ ಬೇರೆ. ಮುಂದೆ ಉದ್ದ್ಯೋತಕರ, ವಾಚಸ್ಪತಿ ಮಿಶ್ರ, ಉದಯನ ಒಬ್ಬರ ಮೇಲೊಬ್ಬರು ಅದನ್ನು ಬೆಳೆಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶ ತತ್ತ್ವಚಿಂತಾಮಣಿ ಬರೆದು ನವ್ಯನ್ಯಾಯಕ್ಕೆ ಅಡಿಪಾಯ ಹಾಕಿದ.

ಮೊದಲ ಸೂತ್ರ ಹದಿನಾರು ಪದಾರ್ಥಗಳ ಪಟ್ಟಿ: ಪ್ರಮಾಣ, ಪ್ರಮೇಯ, ಸಂಶಯ, ಪ್ರಯೋಜನದಿಂದ ಶುರುವಾಗಿ ಛಲ, ಜಾತಿ, ನಿಗ್ರಹಸ್ಥಾನದವರೆಗೆ. ಎರಡನೆಯ ಸೂತ್ರ ಇದೆಲ್ಲ ಯಾಕೆ ಎಂಬುದಕ್ಕೆ ಉತ್ತರ ಕೊಡುತ್ತದೆ. ದುಃಖದ ಬೇರನ್ನು ಹುಡುಕುತ್ತ ಹಿಂದಕ್ಕೆ ಹೋದರೆ ಜನ್ಮ, ಅದರ ಹಿಂದೆ ಪ್ರವೃತ್ತಿ, ಅದರ ಹಿಂದೆ ರಾಗದ್ವೇಷಾದಿ ದೋಷ, ಎಲ್ಲಕ್ಕೂ ಹಿಂದೆ ಮಿಥ್ಯಾಜ್ಞಾನ. ಹುಸಿ ತಿಳಿವಳಿಕೆ ಹೋದರೆ ಉಳಿದದ್ದು ಒಂದೊಂದಾಗಿ ಕಳಚುತ್ತದೆ. ದೋಷಗಳಲ್ಲೆಲ್ಲ ಮೋಹವೇ ಕೇಡಿನದು, ಮೋಹವಿಲ್ಲದವನಿಗೆ ಉಳಿದ ಎರಡು ಹುಟ್ಟುವುದೇ ಇಲ್ಲ ಎಂದು ಗೌತಮ ಮುಂದೆ ಇನ್ನೊಂದು ಕಡೆ ಹೇಳುತ್ತಾನೆ. ಮೋಕ್ಷದ ಮಾತನ್ನು ಬದಿಗಿಟ್ಟರೂ ಈ ಸರಪಳಿ ನಮ್ಮ ದಿನನಿತ್ಯದ್ದೇ. ನೆರೆಯವನ ಬಗ್ಗೆ ಒಂದು ತಪ್ಪು ನಂಬಿಕೆ, ಅದರಿಂದ ಸಿಟ್ಟು, ಸಿಟ್ಟಿನಿಂದ ಒಂದು ಮಾತು, ಆ ಮಾತಿನಿಂದ ಹತ್ತು ವರ್ಷದ ಮನಸ್ತಾಪ. ತರ್ಕವನ್ನು ಗೌತಮ ಇಟ್ಟಿರುವುದು ಈ ಸರಪಳಿಯ ಮೊದಲ ಕೊಂಡಿಯನ್ನು ತಟ್ಟಿ ನೋಡಲು.

ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಒಂದು ಅಪರೂಪದ ಜಾಗವಿದೆ. ನಿಜ ತಿಳಿಯಬೇಕೆನ್ನುವವನು ಯಾರೊಡನೆ ಕೂತು ಮಾತಾಡಬೇಕು ಎಂಬ ಪ್ರಸಂಗ. ಶಿಷ್ಯ, ಗುರು, ಜೊತೆಯಲ್ಲಿ ಓದಿದವನು, ಶ್ರೇಯಸ್ಸು ಬಯಸುವವರು. ಒಟ್ಟಿನಲ್ಲಿ ಅಸೂಯೆಯಿಲ್ಲದ ಜನ. ಅದರ ಬೆನ್ನಿಗೇ ಇನ್ನೊಂದು ಅನುಮತಿ ಬರುತ್ತದೆ: ತನ್ನದೆಂಬ ಪಕ್ಷವನ್ನು ಕಟ್ಟದೆಯೂ ಹೋಗಿ ಕೂರಬಹುದು. ಹಾಗೆ ಕೂತವನು ಮಾಡುವ ಕೆಲಸ ತನ್ನ ದರ್ಶನವನ್ನೇ ಶೋಧಿಸಿಕೊಳ್ಳುವುದು ಎಂದು ವಾತ್ಸ್ಯಾಯನ ಬಿಡಿಸಿ ಹೇಳುತ್ತಾನೆ. ಗೆಲ್ಲಬೇಕಾದದ್ದು ಏನೂ ಇಲ್ಲದೆ ವಾದಕ್ಕೆ ಕೂರುವುದು! ನನ್ನ ಮಟ್ಟಿಗೆ ಇಡೀ ಶಾಸ್ತ್ರದ ಬೀಗದ ಕೈ ಇಲ್ಲಿದೆ.

ಶೋಧನೆಗೆ ಮೊದಲು ವಿಂಗಡಣೆ ಆಗಬೇಕು. ಒಪ್ಪಿಕೊಂಡ ಮಾತುಗಳನ್ನು, ಅಂದರೆ ಸಿದ್ಧಾಂತಗಳನ್ನು, ಗೌತಮ ನಾಲ್ಕು ಬಗೆಯಾಗಿ ಹಂಚುತ್ತಾನೆ. ಎಲ್ಲ ಶಾಸ್ತ್ರದವರೂ ಒಪ್ಪುವುದು ಸರ್ವತಂತ್ರ ಸಿದ್ಧಾಂತ. ತನ್ನ ಶಾಸ್ತ್ರದವರು ಒಪ್ಪಿ ಬೇರೆಯವರು ಒಪ್ಪದ್ದು ಪ್ರತಿತಂತ್ರ. ಒಂದನ್ನು ಒಪ್ಪಿದರೆ ಅದರ ಆಸರೆಯಲ್ಲಿ ಇನ್ನು ನಾಲ್ಕು ತಾನಾಗಿ ನಿಲ್ಲುವಂಥದ್ದು ಅಧಿಕರಣ. ಪರೀಕ್ಷಿಸದೆ, ಸದ್ಯಕ್ಕೆ ಹೌದೆಂದು ಇಟ್ಟುಕೊಂಡು ಮುಂದೆ ಹೋಗುವುದು ಅಭ್ಯುಪಗಮ.

ಒಂದು ಹಾಳೆ ತೆಗೆದುಕೊಂಡು ಹತ್ತು ನಂಬಿಕೆಗಳನ್ನು ಬರೆದು ಈ ನಾಲ್ಕು ಮನೆಗಳಲ್ಲಿ ಕೂರಿಸಲು ಹೊರಟರೆ ಸ್ವಾರಸ್ಯ ಶುರುವಾಗುತ್ತದೆ. ಬೆಳಗ್ಗೆ ಬೇಗ ಏಳುವವರು ಶಿಸ್ತಿನವರು; ಸಾಲ ಮಾಡುವುದು ಅವಮಾನ; ಮಕ್ಕಳು ಹಿರಿಯರಿಗೆ ಎದುರು ಮಾತಾಡಬಾರದು; ಸ್ವಂತ ಮನೆ ಇಲ್ಲದ ಬದುಕು ಅರ್ಧ ಬದುಕು. ಲೋಕವೇ ಒಪ್ಪಿದ ಸತ್ಯ ಎಂದುಕೊಂಡು ಇವನ್ನು ಸರ್ವತಂತ್ರದ ಮನೆಗೆ ಹಾಕಲು ಕೈ ಹೋಗುತ್ತದೆ. ಎರಡು ಬೀದಿ ಆಚೆಗಿನವರನ್ನು ನೆನೆದರೆ ಸಾಕು, ಅವು ಒಂದೊಂದಾಗಿ ಪ್ರತಿತಂತ್ರಕ್ಕೆ ಜಾರುತ್ತವೆ. ವ್ಯಾಪಾರಿಯ ಮನೆಯಲ್ಲಿ ಸಾಲ ಅವಮಾನವಲ್ಲ, ಬಂಡವಾಳ. ಇಲ್ಲಿ ಯಾವ ನಂಬಿಕೆಯೂ ಸುಳ್ಳೆಂದು ತೀರ್ಮಾನವಾಗಿಲ್ಲ. ಅದು ಯಾವ ಮನೆಯದೆಂದು ತಿಳಿಯಿತು, ಅಷ್ಟೆ. ಅಷ್ಟರಿಂದಲೇ ದನಿ ಅರ್ಧ ಇಳಿಯುತ್ತದೆ. ಅಧಿಕರಣದ ಮನೆಯಲ್ಲಿ ಕೂತವುಗಳ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಬೇಕು. ಅವುಗಳ ಮೇಲೆ ಬೇರೆ ನಂಬಿಕೆಗಳು ನಿಂತಿರುವುದರಿಂದ ಅವನ್ನು ಮುಟ್ಟಿದಾಗ ನಮಗೆ ಸಿಟ್ಟು ಬರುತ್ತದೆ. ಯಾವ ಪ್ರಶ್ನೆಗೆ ಸಿಟ್ಟು ಬಂತೆಂದು ಗಮನಿಸಿದರೆ ಕಂಬ ಯಾವುದೆಂದು ಗೊತ್ತಾಗುತ್ತದೆ.

ಇನ್ನು ಪರೀಕ್ಷೆ. ಎಲ್ಲವನ್ನೂ ಸಂಶಯಿಸು ಎಂದು ನ್ಯಾಯ ಹೇಳುವುದಿಲ್ಲ. ಗೊತ್ತೇ ಇಲ್ಲದ್ದರ ಬಗ್ಗೆಯೂ ಈಗಾಗಲೇ ನಿರ್ಣಯವಾದದ್ದರ ಬಗ್ಗೆಯೂ ಪರೀಕ್ಷೆ ಹೊರಡುವುದಿಲ್ಲ, ಸಂಶಯ ಬಂದದ್ದರ ಬಗ್ಗೆ ಮಾತ್ರ ಎನ್ನುತ್ತಾನೆ ವಾತ್ಸ್ಯಾಯನ. ಸಂಶಯಕ್ಕೂ ಕಾರಣ ಬೇಕು. ಮಬ್ಬಿನಲ್ಲಿ ಕಂಡದ್ದು ಮೋಟುಮರವೋ ಮನುಷ್ಯನೋ ಎಂಬ ಹಳೆಯ ಉದಾಹರಣೆಯಲ್ಲಿ ಎರಡಕ್ಕೂ ಸಮಾನವಾದ ಎತ್ತರ, ಆಕಾರ ಕಾಣುತ್ತಿವೆ. ಬೇರ್ಪಡಿಸುವ ಗುರುತು ಕಾಣುತ್ತಿಲ್ಲ. ಅದು ಒಂದು ಕಾರಣ. ಇನ್ನೊಂದು ವಿಪ್ರತಿಪತ್ತಿ: ತಿಳಿದವರಿಬ್ಬರು ಒಂದೇ ವಿಷಯದಲ್ಲಿ ಎದುರುಬದುರು ಮಾತಾಡುವುದು. ನಾವು ಗೌರವಿಸುವ ಇಬ್ಬರು ನಮ್ಮ ನಂಬಿಕೆಯ ಬಗ್ಗೆ ಬೇರೆಬೇರೆ ಮಾತಾಡಿದರೆ ಅಂದು ಪರೀಕ್ಷೆಗೆ ಮುಹೂರ್ತ ಕೂಡಿಬಂತೆಂದು ತಿಳಿಯಬೇಕು.

ನಮ್ಮ ಮನೆಗಳಲ್ಲಿ ದಿನಬೆಳಗಾದರೆ ಕೇಳುವ ಒಂದು ನಂಬಿಕೆಯನ್ನು ಹಿಡಿದು ನೋಡೋಣ: ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ.

ಮೊದಲ ಪ್ರಶ್ನೆ, ಇದು ಯಾವ ಪ್ರಮಾಣದಿಂದ ಬಂತು? ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ದಾರಿಗಳಿವೆ. ಹೆಚ್ಚಿನವರಿಗೆ ಇದು ಶಬ್ದದಿಂದ, ಎಂದರೆ ಹಿರಿಯರ ಬಾಯಿಂದ ಬಂದದ್ದು. ಹೀಗೆ ಬಂದದ್ದನ್ನು ನ್ಯಾಯ ಕೀಳೆಂದು ಎಣಿಸುವುದಿಲ್ಲ. ಆಪ್ತನ ಮಾತು ಪ್ರಮಾಣವೇ. ಆದರೆ ಆಪ್ತನಾರು? ವಿಷಯವನ್ನು ಸ್ವತಃ ಕಂಡುಕೊಂಡು, ಕಂಡಂತೆ ತಿಳಿಸುವ ಇಚ್ಛೆ ಇರುವವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ವಾತ್ಸ್ಯಾಯನ ಬರೆದುಬಿಟ್ಟಿದ್ದಾನೆ. ಕುಲ ನೋಡಿ ಮಾತಿಗೆ ಬೆಲೆ ಕಟ್ಟುವವರು ಓದಬೇಕಾದ ಸಾಲು. ಈಗ ಕಷ್ಟಪಟ್ಟು ಮೇಲೆ ಬಂದ ಸೋದರಮಾವನನ್ನು ಈ ಲಕ್ಷಣದಿಂದ ಅಳೆಯೋಣ. ಸುಳ್ಳು ಹೇಳುವವನಲ್ಲ. ಅನುಭವಿಸಿದ ಕಷ್ಟವನ್ನು ಅವನು ನೇರವಾಗಿ ಬಲ್ಲ. ತನ್ನನ್ನು ಗಟ್ಟಿ ಮಾಡಿದ್ದು ಆ ಕಷ್ಟವೇ ಎಂಬುದನ್ನು ನೇರವಾಗಿ ಬಲ್ಲನೇ? ಅದು ಅವನದೂ ಅನುಮಾನವೇ, ಎಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿದ್ದು. ಹಾಗಾಗಿ ಅನುಮಾನಕ್ಕೆ ತಕ್ಕ ಪರೀಕ್ಷೆ ನಡೆಯಬೇಕು.

ಅನುಮಾನಕ್ಕೆ ಐದು ಅವಯವಗಳು. ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಹೊಗೆಯಿದೆ, ಹೊಗೆಯಿದ್ದಲ್ಲಿ ಬೆಂಕಿ, ಅಡುಗೆಮನೆಯ ಹಾಗೆ, ಈ ಬೆಟ್ಟದಲ್ಲೂ ಅಂಥ ಹೊಗೆ, ಆದ್ದರಿಂದ ಬೆಂಕಿ. ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ನಮ್ಮ ನಂಬಿಕೆಯನ್ನು ಇದೇ ಎರಕಕ್ಕೆ ಸುರಿದರೆ ಹೀಗೆ: ಈ ಹುಡುಗ ಗಟ್ಟಿಗನಾಗುತ್ತಾನೆ, ಏಕೆಂದರೆ ಕಷ್ಟದಲ್ಲಿ ಬೆಳೆಯುತ್ತಿದ್ದಾನೆ, ಕಷ್ಟದಲ್ಲಿ ಬೆಳೆದವರು ಗಟ್ಟಿಯಾಗುತ್ತಾರೆ, ಸೋದರಮಾವನ ಹಾಗೆ, ಇವನೂ ಅಂಥದೇ ಕಷ್ಟದಲ್ಲಿದ್ದಾನೆ, ಆದ್ದರಿಂದ ಗಟ್ಟಿಗನಾಗುತ್ತಾನೆ. ಇಷ್ಟು ಬಿಡಿಸಿ ಬರೆದದ್ದೇ ತಡ, ಭಾರವೆಲ್ಲ ಮೂರನೆಯ ವಾಕ್ಯದ ಮೇಲೆ ಬಿದ್ದಿರುವುದು ಕಾಣುತ್ತದೆ. ಕಷ್ಟಕ್ಕೂ ಗಟ್ಟಿತನಕ್ಕೂ ತಪ್ಪದ ನಂಟಿದೆಯೇ? ಆ ನಂಟಿನ ಹೆಸರು ವ್ಯಾಪ್ತಿ.

ವ್ಯಾಪ್ತಿ ಸಿದ್ಧಿಸಬೇಕಾದರೆ ಎರಡೂ ಜೊತೆಯಾಗಿರುವುದನ್ನು ಕಂಡರೆ ಸಾಲದು. ಹೇತು ಇದ್ದೂ ಸಾಧ್ಯ, ಎಂದರೆ ಸಾಧಿಸಬೇಕಾದದ್ದು, ಇಲ್ಲದ ಜಾಗ ಎಲ್ಲೂ ಕಾಣಬಾರದು. ಕಾಣಲಿಲ್ಲ ಎನ್ನುವ ಮೊದಲು ಹುಡುಕಿರಬೇಕು. ನಾವು ಹುಡುಕಿರುವುದಿಲ್ಲ. ಕಷ್ಟಪಟ್ಟು ಮೇಲೆ ಬಂದವರು ಸನ್ಮಾನದ ವೇದಿಕೆಯಲ್ಲಿ ಶಾಲು ಹೊದ್ದು ಕೂತಿರುತ್ತಾರೆ, ಕಣ್ಣಿಗೆ ಬೀಳುತ್ತಾರೆ. ಅದೇ ಕಷ್ಟದಲ್ಲಿ ಓದು ಬಿಟ್ಟವನು, ಕುಡಿತಕ್ಕೆ ಬಿದ್ದವನು, ಮೂವತ್ತಕ್ಕೇ ಮುದುಕಿಯಾದವಳು ಆ ವೇದಿಕೆಗೆ ಬರುವುದಿಲ್ಲ. ಅವರನ್ನು ಲೆಕ್ಕಕ್ಕೆ ತೆಗೆದುಕೊಂಡ ಕ್ಷಣ ಹೇತು ಸವ್ಯಭಿಚಾರವಾಗುತ್ತದೆ. ಐದು ಹೇತ್ವಾಭಾಸಗಳಲ್ಲಿ, ಎಂದರೆ ಹೇತುವಿನಂತೆ ತೋರುವ ಹುಸಿ ಹೇತುಗಳಲ್ಲಿ, ಇದು ಮೊದಲನೆಯದು.

ಇಲ್ಲಿಗೆ ನಿಲ್ಲಿಸಿದರೆ ಸೋದರಮಾವನ ಅನುಭವವನ್ನು ಕಸಕ್ಕೆ ಎಸೆದಂತಾಗುತ್ತದೆ. ನ್ಯಾಯದ ನಿಜವಾದ ನಾಜೂಕು ಇದರ ಮುಂದಿನ ಹೆಜ್ಜೆಯಲ್ಲಿದೆ. ಅದು ಉಪಾಧಿ. ಹೊಗೆಯಿದ್ದಲ್ಲಿ ಬೆಂಕಿ ಎನ್ನುವುದು ಸರಿ, ಬೆಂಕಿಯಿದ್ದಲ್ಲಿ ಹೊಗೆ ಎನ್ನುವುದು ತಪ್ಪು. ನಿಗಿನಿಗಿ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಾಗಾದರೆ ಬೆಂಕಿಯ ಜೊತೆ ಹೊಗೆ ಬಂದ ಕಡೆಯೆಲ್ಲ ಏನಿತ್ತು? ಹಸಿ ಸೌದೆ. ಆ ಹಸಿ ಸೌದೆಯೇ ಉಪಾಧಿ, ನಾವು ಹೇಳದೆ ಬಿಟ್ಟ ಷರತ್ತು. ಅದನ್ನು ಗುರುತಿಸಲು ಎರಡು ಲಕ್ಷಣಗಳಿವೆ: ಸಾಧ್ಯ ಇರುವಲ್ಲೆಲ್ಲ ಅದು ಇರಬೇಕು, ಹೇತು ಇರುವ ಎಲ್ಲ ಕಡೆಯೂ ಅದು ಇರಬಾರದು.

ಕಷ್ಟದಿಂದ ಗಟ್ಟಿಯಾದವರ ಕತೆಯಲ್ಲಿ ಹಸಿ ಸೌದೆ ಯಾವುದು? ಹಳೆಯ ಮೈಸೂರು ಕಡೆಯ ಎಷ್ಟೋ ಹಿರಿಯರ ಆತ್ಮಕತೆಗಳಲ್ಲಿ ವಾರಾನ್ನದ ಮಾತು ಬರುತ್ತದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ದಿನಕ್ಕೊಂದು ಮನೆಯಲ್ಲಿ ಉಂಡು ಓದಿದವರು. ‘ನಾವೆಲ್ಲ ವಾರಾನ್ನದಲ್ಲಿ ಓದಿದವರು’ ಎಂಬುದನ್ನು ಕಷ್ಟದ ಉದಾಹರಣೆಯಾಗಿ ಹೇಳುವ ರೂಢಿ. ಅದು ಕಷ್ಟವೇ ಹೌದು. ಬೇರೆಯವರ ಪಡಸಾಲೆಯಲ್ಲಿ ಎಲೆ ಹಾಕುವವರೆಗೆ ಕಾಯುವ ಹುಡುಗನ ಸಂಕೋಚ ಸಣ್ಣದಲ್ಲ. ಆದರೆ ಅದೇ ವಾಕ್ಯವನ್ನು ಉಪಾಧಿಯ ಕಣ್ಣಿನಿಂದ ಓದಿದರೆ ಬೇರೆ ಏನೋ ಎದ್ದು ಬರುತ್ತದೆ: ಏಳು ಮನೆಯವರು ಆ ಹುಡುಗನಿಗೆ ಅನ್ನ ಹಾಕಿದರು. ಇನ್ನೊಬ್ಬರ ಕತೆಯಲ್ಲಿ ಉಚಿತ ವಿದ್ಯಾರ್ಥಿನಿಲಯ, ಮತ್ತೊಬ್ಬರದರಲ್ಲಿ ಫೀಸು ಕಟ್ಟಿದ ಮೇಷ್ಟರು, ಮಗದೊಬ್ಬರದರಲ್ಲಿ ಬಳೆ ಅಡವಿಟ್ಟ ಚಿಕ್ಕಮ್ಮ. ಗಟ್ಟಿಯಾದವರ ಕತೆಗಳಲ್ಲಿ ಆಸರೆ ಇತ್ತು. ಮುರಿದವರ ಕತೆಗಳಲ್ಲಿ ಕಷ್ಟ ಇತ್ತು, ಆಸರೆ ಇರಲಿಲ್ಲ.

ಇದನ್ನೂ ಸುಮ್ಮನೆ ಒಪ್ಪಿಕೊಳ್ಳಬಾರದು. ಯಾರ ಆಸರೆಯೂ ಇಲ್ಲದೆ ಗಟ್ಟಿಯಾದ ಒಬ್ಬನು ಎದುರು ಬಂದು ನಿಂತರೆ ಈ ಉಪಾಧಿಯೂ ಬೀಳುತ್ತದೆ, ಹೊಸದನ್ನು ಹುಡುಕಬೇಕಾಗುತ್ತದೆ. ಹಾಗೆ ಬಿದ್ದರೂ ಪರೀಕ್ಷೆ ವ್ಯರ್ಥವಲ್ಲ. ನಂಬಿಕೆಯ ಒಳಗೆ ಅವಿತಿದ್ದ ಷರತ್ತನ್ನು ಹುಡುಕುವ ಅಭ್ಯಾಸ ಉಳಿಯುತ್ತದೆ.

ಈ ವಿದ್ಯೆಯ ಅತ್ಯಂತ ಕಠಿಣ ಭಾಗ ಪೂರ್ವಪಕ್ಷ. ನಮ್ಮ ನಂಬಿಕೆಯ ವಿರುದ್ಧ ಹೇಳಬಹುದಾದುದನ್ನು ನಾವೇ, ಪೂರ್ಣ ಬಲದಿಂದ ಹೇಳುವುದು. ಎದುರಾಳಿಯ ಪೆದ್ದು ಮಾತನ್ನು ಆರಿಸಿಕೊಂಡು ಉತ್ತರ ಕೊಡುವುದಕ್ಕೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಇದಕ್ಕೊಂದು ನಿದರ್ಶನ ಭೌತವಾದಿಗಳಾದ ಚಾರ್ವಾಕರದು. ಅವರ ಮೂಲ ಸೂತ್ರಗ್ರಂಥ ಇಂದು ಉಳಿದಿಲ್ಲ. ಅವರ ವಿಚಾರ ನಮಗೆ ಬಹುಮಟ್ಟಿಗೆ ತಿಳಿದಿರುವುದು ಅವರನ್ನು ಒಪ್ಪದವರು ಬರೆದಿಟ್ಟ ಪೂರ್ವಪಕ್ಷಗಳಿಂದ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಪರಿಸರದಲ್ಲಿ ಮಾಧವನ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕ ದರ್ಶನದಿಂದ. ಹೋದ ಕಾಲದ, ಬರುವ ಕಾಲದ ಹೊಗೆಯನ್ನೆಲ್ಲ ನೀವು ನೋಡಿಲ್ಲ, ಹಾಗಿರುವಾಗ ವ್ಯಾಪ್ತಿ ಎಲ್ಲಿಂದ ಬಂತು, ಉಪಾಧಿ ಇಲ್ಲವೆಂದು ಹೇಗೆ ಗೊತ್ತಾಯಿತು ಎಂದು ಅಲ್ಲಿ ಚಾರ್ವಾಕ ಕೇಳುವ ರೀತಿ ನೋಡಿದರೆ, ಬರೆದವನು ಅವನ ವಕೀಲನೇ ಇರಬೇಕು ಅನ್ನಿಸುತ್ತದೆ.

ಇನ್ನೊಂದು ನಿದರ್ಶನ ವ್ಯಾಸತೀರ್ಥರದು. ಬನ್ನೂರಿನಲ್ಲಿ ಹುಟ್ಟಿ, ಮುಳಬಾಗಿಲಿನ ಶ್ರೀಪಾದರಾಜರಲ್ಲಿ ಓದಿ, ವಿಜಯನಗರದಲ್ಲಿ ಬಾಳಿ 1539ರಲ್ಲಿ ತೀರಿಕೊಂಡ ಈ ಯತಿಗಳನ್ನು ನಾವು ಕೀರ್ತನೆಗಳಿಂದ ಬಲ್ಲೆವು. ತಾರ್ಕಿಕರ ಲೋಕ ಅವರನ್ನು ನ್ಯಾಯಾಮೃತದಿಂದ ಬಲ್ಲದು. ಜಗತ್ತು ಮಿಥ್ಯೆ ಎಂಬ ಅದ್ವೈತದ ಮಾತನ್ನು ಖಂಡಿಸುವ ಮೊದಲು, ಮಿಥ್ಯೆಗೆ ಬೇರೆ ಬೇರೆ ಅದ್ವೈತಿಗಳು ಕೊಟ್ಟ ಐದು ಲಕ್ಷಣಗಳನ್ನು ಅವರು ಒಟ್ಟುಗೂಡಿಸಿ ಸಾಲಾಗಿ ಇಟ್ಟರು. ಅದಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿ ಬರೆದಾಗ ಅದೇ ಐದನ್ನು ಎತ್ತಿಕೊಂಡು ಒಂದೊಂದಾಗಿ ಸಮರ್ಥಿಸಿದರು. ಎದುರಾಳಿ ಮಾಡಿಟ್ಟ ಪಟ್ಟಿಯನ್ನೇ ತಮ್ಮ ಸಮರ್ಥನೆಗೆ ಚೌಕಟ್ಟಾಗಿ ಬಳಸುವಷ್ಟು ಅದು ಪ್ರಾಮಾಣಿಕವಾಗಿತ್ತು. ನಮ್ಮ ಪೂರ್ವಪಕ್ಷಕ್ಕೂ ಇದೇ ಒರೆಗಲ್ಲು. ‘ನಾನು ಹೇಳಬೇಕೆಂದಿದ್ದುದು ಇದನ್ನೇ, ನನಗಿಂತ ಚೆನ್ನಾಗಿ ಹೇಳಿದಿರಿ’ ಎಂದು ಎದುರಿನವನು ಅನ್ನಬೇಕು. ಗಣೇಶ ಚತುರ್ಥಿಯ ಹೊತ್ತಿಗೆ ಶೃಂಗೇರಿಯಲ್ಲಿ ಸೇರುವ ವಾಕ್ಯಾರ್ಥ ಸಭೆಯಂಥ ಕಡೆಗಳಲ್ಲಿ ಈ ಅಭ್ಯಾಸ ಇಂದೂ ಜೀವಂತವಾಗಿದೆ.

ತನ್ನೊಡನೆ ತಾನು ವಾದಿಸುವಾಗ ಮೋಸಕ್ಕೆ ಬೇಕಾದಷ್ಟು ಅವಕಾಶವಿದೆ, ಏಕೆಂದರೆ ಮಧ್ಯಸ್ಥನಿಲ್ಲ. ನಿಜ ತಿಳಿಯಲು ನಡೆಯುವುದು ವಾದ. ಗೆಲ್ಲಲು ನಡೆಯುವುದು ಜಲ್ಪ. ತನ್ನದೇನನ್ನೂ ಇಡದೆ ಬರೀ ಕೆಡವುವುದು ವಿತಂಡ. ಜಲ್ಪ, ವಿತಂಡಗಳಿಗೂ ಗೌತಮ ಒಂದು ಕೆಲಸ ಕೊಟ್ಟಿದ್ದಾನೆ: ಮೊಳಕೆಯ ಸುತ್ತ ಮುಳ್ಳಿನ ಬೇಲಿಯಂತೆ ಎಳೆಯ ನಿಶ್ಚಯವನ್ನು ಕಾಯುವುದು. ಆದರೆ ಸ್ವಪರೀಕ್ಷೆಯಲ್ಲಿ ಬೇಲಿಯೇ ಹೊಲವಾಗಿಬಿಡುವ ಭಯ ಹೆಚ್ಚು.

ಅದಕ್ಕೆ ನಿಗ್ರಹಸ್ಥಾನಗಳ ಪಟ್ಟಿ ಕೈಯಲ್ಲಿರಬೇಕು. ಇವು ವಾದದಲ್ಲಿ ಸೋತ ಗುರುತುಗಳು, ಒಟ್ಟು 22. ಮೂರನ್ನು ನೋಡಿದರೆ ಸಾಕು, ನಮ್ಮ ಮುಖ ಕಾಣುತ್ತದೆ. ಆಕ್ಷೇಪ ಬಂದ ಮೇಲೆ ಹೇತುವಿಗೆ ಹೊಸ ವಿಶೇಷಣ ಅಂಟಿಸುವುದು ಹೇತ್ವಂತರ: ಮುರಿದವನನ್ನು ತೋರಿಸಿದಾಗ ‘ನಾನು ಹೇಳಿದ್ದು ನಿಜವಾದ ಕಷ್ಟ’ ಎನ್ನುವುದು. ತನ್ನ ಪಕ್ಷದ ದೋಷಕ್ಕೆ ಉತ್ತರ ಕೊಡದೆ ನಿನ್ನಲ್ಲೂ ಅದೇ ದೋಷವಿದೆ ಎನ್ನುವುದು ಮತಾನುಜ್ಞೆ. ಹಾಗೆಂದವನು ತನ್ನ ದೋಷವನ್ನು ಒಪ್ಪಿಕೊಂಡಂತೆಯೇ ಲೆಕ್ಕ. ಬೇರೆ ಕೆಲಸದ ನೆಪ ಹೂಡಿ ಮಾತನ್ನು ಅರ್ಧಕ್ಕೆ ಕಡಿಯುವುದು ವಿಕ್ಷೇಪ. ಪ್ರಶ್ನೆ ಚುಚ್ಚುವ ಹೊತ್ತಿಗೆ ಸರಿಯಾಗಿ ಗ್ಯಾಸ್ ಬುಕ್ ಮಾಡುವುದು ನೆನಪಾಗುತ್ತದೆಯಲ್ಲ, ಅದೇ. ಹದಿನೈದು ಶತಮಾನಗಳಿಗಿಂತ ಹಿಂದೆ ಕೂತು ಸೂತ್ರಕಾರ ಇದನ್ನು ಸೋಲೆಂದು ಬರೆದಿಟ್ಟಿದ್ದಾನೆ.

ಸಂಶಯಿಸುತ್ತ ಹೋದರೆ ಕೊನೆ ಎಲ್ಲಿ? ಉದಯನನ ಉತ್ತರ ಖಚಿತ: ನಿನ್ನ ನಡತೆಗೇ ವಿರೋಧ ಬರುವಲ್ಲಿ ಸಂಶಯ ನಿಲ್ಲಬೇಕು. ಬೆಂಕಿಯಿಂದ ಹೊಗೆ ಬರುತ್ತದೋ ಇಲ್ಲವೋ ಎಂದು ಬಾಯಲ್ಲಿ ಶಂಕಿಸುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚುತ್ತಾನೆ. ಅವನ ಕೈಗೆ ಸಂಶಯವಿಲ್ಲ. ಈ ಅಳತೆಗೋಲು ನಂಬಿಕೆಗೂ ಒಗ್ಗುತ್ತದೆ. ಕಷ್ಟವೊಂದೇ ಗಟ್ಟಿ ಮಾಡುವುದಾಗಿದ್ದರೆ ನಾವು ಮಕ್ಕಳ ಬೆಳಗಿನ ತಿಂಡಿ ನಿಲ್ಲಿಸುತ್ತಿದ್ದೆವು. ನಿಲ್ಲಿಸುವುದಿಲ್ಲ, ಒಳ್ಳೆಯ ಹಾಸ್ಟೆಲ್ ಹುಡುಕುತ್ತೇವೆ, ಟ್ಯೂಷನ್ನಿಗೆ ಹಾಕುತ್ತೇವೆ. ಹೀಗೆ ‘ಹಾಗಿದ್ದರೆ ಹೀಗಾಗಬೇಕಿತ್ತು’ ಎಂದು ತೋರಿಸುವುದೇ ತರ್ಕ. ಕಷ್ಟ ಒಳ್ಳೆಯದು ಎಂಬ ನಂಬಿಕೆ ನಮಗೆ ನೆನಪಾಗುವುದು ಹೆಚ್ಚಾಗಿ ಬೇರೆಯವರ ಮಕ್ಕಳ ವಿಷಯದಲ್ಲಿ, ಅದೂ ಅವರು ಸಹಾಯ ಕೇಳಿದಾಗ. ಹದಿನಾರರ ಪಟ್ಟಿಯಲ್ಲಿ ನಾಲ್ಕನೆಯದಾಗಿ ‘ಪ್ರಯೋಜನ’ ಇರುವುದು ಸುಮ್ಮನೆ ಅಲ್ಲ. ಈ ನಂಬಿಕೆಯಿಂದ ನನಗೇನು ಲಾಭ ಎಂಬ ಪ್ರಶ್ನೆ ಎಷ್ಟೋ ಸಲ ಉಳಿದ ಪ್ರಶ್ನೆಗಳಿಗಿಂತ ಮುಂಚೆ ಬಾಗಿಲು ತೆರೆಯುತ್ತದೆ.

ಎರಡೂ ಪಕ್ಷಗಳನ್ನು ತೂಗಿದ ಮೇಲೆ ಬರುವುದು ನಿರ್ಣಯ. ನಮ್ಮ ಉದಾಹರಣೆಯಲ್ಲಿ ಅದು ಹೀಗೆ ನಿಲ್ಲಬಹುದು: ಬೆನ್ನಿಗೆ ಯಾರಾದರೂ ಇದ್ದರೆ ಕಷ್ಟದಿಂದ ಹಲವರು ಗಟ್ಟಿಯಾಗುತ್ತಾರೆ, ಯಾರೂ ಇಲ್ಲದಿದ್ದರೆ ಹಲವರು ಮುರಿಯುತ್ತಾರೆ. ಮೊದಲಿನ ಮಾತಿನ ಬಿಗಿ ಇದಕ್ಕಿಲ್ಲ. ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಲು ಬರುವುದಿಲ್ಲ. ಆದರೆ ಮೊದಲಿನದು ಕಷ್ಟದಲ್ಲಿರುವವನನ್ನು ನೋಡಿ ಸುಮ್ಮನಿರಲು ಅನುಮತಿ ಕೊಡುತ್ತಿತ್ತು. ಇದು ಆ ಅನುಮತಿಯನ್ನು ವಾಪಸು ಪಡೆಯುತ್ತದೆ. ನಂಬಿಕೆ ಬದಲಾದದ್ದು ನಾಲ್ಕು ಪದದಷ್ಟು. ಅದರಿಂದ ಮಾಡಬೇಕಾದ ಕೆಲಸ ಪೂರ್ತಿ ಬದಲಾಯಿತು.

ಈ ವಿದ್ಯೆಯನ್ನು ಒಬ್ಬರೇ ಕೂತು ಕಲಿಯಲು ಹೊರಟರೆ ಬಹುದೂರ ಹೋಗಲಾಗದು. ಚರಕಸಂಹಿತೆಯ ವಿಮಾನಸ್ಥಾನ ವೈದ್ಯರ ಸಂಭಾಷೆಯನ್ನು ಎರಡಾಗಿ ಹಂಚುತ್ತದೆ: ಸ್ನೇಹದಿಂದ ಕೂಡಿ ಮಾತಾಡುವುದು, ಸೆಣಸುತ್ತ ಮಾತಾಡುವುದು. ಮೊದಲನೆಯದಕ್ಕೆ ಒದಗುವ ಒಬ್ಬ ಗೆಳೆಯ ಬೇಕು. ನಮ್ಮ ಹೇತ್ವಂತರವನ್ನು ಕಂಡ ತಕ್ಷಣ ಹಿಡಿಯುವಷ್ಟು ಚುರುಕು, ಹಿಡಿದುದನ್ನು ಊರಲ್ಲಿ ಹೇಳಿಕೊಂಡು ತಿರುಗದಷ್ಟು ದೊಡ್ಡತನ ಎರಡೂ ಅವನಲ್ಲಿರಬೇಕು. ಅಂಥವರು ಒಬ್ಬರು ಸಿಕ್ಕರೆ ಒಂದು ಪ್ರತಿತಂತ್ರ ಸಿದ್ಧಾಂತವನ್ನು ಮೇಜಿನ ಮೇಲಿಟ್ಟು, ಮೊದಲು ಅವರ ಪಕ್ಷವನ್ನು ನೀವು ಹೇಳಿ. ಅವರು ‘ಹೌದು, ಇದೇ’ ಎನ್ನುವವರೆಗೆ ನಿಮ್ಮ ಪಕ್ಷದ ಮಾತು ಎತ್ತಬೇಡಿ.